ಚೆಕ್‌ಲಿಸ್ಟ್ ಇದ್ದರೂ ತಪ್ಪು ಆಗುವುದು ಹೇಗೆ?

1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ 299 ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ನೆಲಕ್ಕೆ ಬಿತ್ತು. ಎಂಜಿನ್ ಚೆನ್ನಾಗಿಯೇ ಇತ್ತು. ನಿಂತ ವಿಮಾನದ ಬಾಲದ ಫಲಕಗಳು ಗಾಳಿಗೆ ಅಲುಗಾಡದಂತೆ ಹಾಕುವ ಲಾಕ್ ತೆಗೆಯುವುದು ಮರೆತುಹೋಗಿತ್ತು. ಸತ್ತ ಪ್ಲಾಯರ್ ಹಿಲ್ ಮತ್ತು ಲೆಸ್ಲಿ ಟವರ್ ಇಬ್ಬರೂ ನುರಿತ ಪೈಲಟ್‌ಗಳು. ಅನುಭವಿಗಳೇ ಮರೆತ ಮೇಲೆ ಇನ್ನಷ್ಟು ತರಬೇತಿಯಿಂದ ಏನು ಪ್ರಯೋಜನ? ಸೇನೆಯ ಪೈಲಟ್‌ಗಳು ಚೆಕ್‌ಲಿಸ್ಟ್, ಅಂದರೆ ಒಂದೊಂದಾಗಿ ಓದಿ ಖಚಿತಪಡಿಸಿಕೊಳ್ಳುವ ಕೆಲಸಗಳ ಪಟ್ಟಿ, ಬರೆದುಕೊಂಡರು.

ಅಲ್ಲಿಗೆ ಮರೆವಿನ ಕಾಟ ಮುಗಿಯಬೇಕಿತ್ತು. 1987ರ ಆಗಸ್ಟ್ 16ರಂದು ಡೆಟ್ರಾಯಿಟ್‌ನಲ್ಲಿ ನಾರ್ತ್‌ವೆಸ್ಟ್ 255 ವಿಮಾನ ಫ್ಲ್ಯಾಪ್ (ಮೇಲೇರಲು ನೆರವಾಗುವ ರೆಕ್ಕೆಯ ಫಲಕ) ಇಳಿಸದೆಯೇ ಮೇಲೇರಲು ಓಡಿತು. 156 ಜನ ಸತ್ತರು. ಫ್ಲ್ಯಾಪ್ ಎಂಬ ಸಾಲು ಪಟ್ಟಿಯಲ್ಲಿತ್ತು, ಆದರೆ ರನ್‌ವೇ ಬದಲಾವಣೆಯ ಗಡಿಬಿಡಿಯಲ್ಲಿ ಆ ಪಟ್ಟಿಯನ್ನು ಓದಲೇ ಇಲ್ಲ. ಎಚ್ಚರಿಸಬೇಕಿದ್ದ ಅಲಾರಂಗೂ ವಿದ್ಯುತ್ ಇರಲಿಲ್ಲ. ಮರುವರ್ಷ ಡಲ್ಲಾಸ್‌ನಲ್ಲಿ ಡೆಲ್ಟಾ 1141ರ ಸಿಬ್ಬಂದಿ ಪಟ್ಟಿ ಓದಿದರು, ‘ಫ್ಲ್ಯಾಪ್?’ ಎಂದಾಗ ‘ಹದಿನೈದು’ ಎಂಬ ಉತ್ತರವೂ ಬಂತು. ಫ್ಲ್ಯಾಪ್ ಮಾತ್ರ ಇಳಿದಿರಲಿಲ್ಲ. ನಿತ್ಯ ಹೇಳುವ ಉತ್ತರ ಬಾಯಿಪಾಠವಾದರೆ ಕಣ್ಣು ಮೀಟರಿನತ್ತ ಹೋಗುವುದೇ ಇಲ್ಲ. ಈ ಮೂರು ತಪ್ಪುಗಳಲ್ಲಿ ಹೆಚ್ಚು ಅಪಾಯಕಾರಿ ಇದೇ, ಏಕೆಂದರೆ ಕಾಗದದ ಮೇಲೆ ಎಲ್ಲವೂ ಸರಿಯಾಗಿರುತ್ತದೆ.

ನಾಸಾಗಾಗಿ ಇದನ್ನು ಅಧ್ಯಯನ ಮಾಡಿದ ಅಸಾಫ್ ದೆಗಾನಿ ಮತ್ತು ಅರ್ಲ್ ವೀನರ್ ಅವರ 1990ರ ವರದಿಯ ಸಲಹೆಗಳು ಕಾರ್ಖಾನೆಗೂ ಒಗ್ಗುತ್ತವೆ. ಉತ್ತರ ‘ಆಯಿತು’ ಎಂದಿರಬಾರದು, ಕಂಡ ಅಳತೆಯನ್ನೇ ಹೇಳಬೇಕು. ಹೇಳುವಾಗ ಕೈ ಆ ಸ್ವಿಚ್ಚನ್ನು ಮುಟ್ಟಬೇಕು ಅಥವಾ ತೋರಿಸಬೇಕು. ಪ್ರಾಣಕ್ಕೆ ಸಂಬಂಧಿಸಿದ ಸಾಲುಗಳು ಆದಷ್ಟು ಮೊದಲೇ ಬರಬೇಕು, ಕೆಳಗೆ ಹೋದಷ್ಟೂ ಅಡ್ಡಿ ಬರುವ ಸಂಭವ ಹೆಚ್ಚು. ‘ಪಟ್ಟಿ ಮುಗಿಯಿತು’ ಎನ್ನುವುದೇ ಕೊನೆಯ ಸಾಲು. (ನಮ್ಮ ರೈಲ್ವೆಯಲ್ಲಿ ಲೋಕೋ ಪೈಲಟ್ ಮತ್ತು ಸಹಾಯಕ ಸಿಗ್ನಲ್ಲನ್ನು ಕೈತೋರಿಸಿ ಕೂಗಿ ಹೇಳುವುದರ ಹಿಂದೆಯೂ ಇದೇ ತರ್ಕ.)

ಉದಾಹರಣೆಗೆ, ಕಾರ್ಖಾನೆಯ ಪಟ್ಟಿಯ ‘ಸ್ಟೀಮ್ ವಾಲ್ವ್ ನಿಧಾನವಾಗಿ ತೆರೆದು ಒತ್ತಡ ಪರೀಕ್ಷಿಸಿ’ ಎಂಬ ಸಾಲಿನಲ್ಲಿ ಎರಡು ಕೆಲಸಗಳಿವೆ, ಅಳತೆ ಒಂದೂ ಇಲ್ಲ. ಅದನ್ನು ಒಡೆದು ‘3ನೇ ವಾಲ್ವನ್ನು ಕಾಲು ಸುತ್ತು ತೆರೆಯಿರಿ’, ‘ಗೇಜಿನಲ್ಲಿ ಒತ್ತಡ 2 ಬಾರ್ ಆಗುವವರೆಗೆ ಕಾಯಿರಿ’, ‘ಓದಿದ ಅಂಕಿ ಬರೆಯಿರಿ’ ಎಂದು ಬರೆಯಬೇಕು. ‘ಬಿಸಿ ಹಬೆ, ಕೈಗವಸು ಹಾಕಿ’ ಎಂಬ ಎಚ್ಚರಿಕೆ ಇವಕ್ಕಿಂತ ಮೇಲಿರಲಿ; ವಾಲ್ವ್ ತೆರೆದ ಮೇಲೆ ಅದನ್ನು ಓದಿ ಉಪಯೋಗವಿಲ್ಲ. ಕರಡನ್ನು ಆ ಯಂತ್ರ ನಡೆಸದ ಕೆಲಸಗಾರನಿಗೆ ಕೊಟ್ಟು, ಯಂತ್ರ ನಿಂತಿರುವಾಗ ಸಾಲು ಸಾಲಾಗಿ ಕೈಯಿಟ್ಟು ತೋರಿಸಲು ಹೇಳಿ. ಅವನು ಎಲ್ಲಿ ತಡವರಿಸುತ್ತಾನೋ ಆ ಸಾಲು ತಿದ್ದಬೇಕು. ಹೊಸ ಪ್ರತಿ ಅಂಟಿಸುವ ದಿನವೇ ಹಳೆಯದನ್ನು ಕಿತ್ತುಹಾಕಿ.