ಅಟ್ಟವಿಲ್ಲದ ಮನೆಯಲ್ಲಿ ಬಾಳೆಗೊನೆ

ಆಷಾಢದ ಮಳೆ ಹಿಡಿಯಿತೆಂದರೆ ನನಗೆ ಬರುವ ಫೋನುಗಳಲ್ಲಿ ಅಡಿಕೆ ಕೊಳೆ, ಮೆಣಸಿನ ಸೊರಗು ರೋಗ ಬಿಟ್ಟರೆ ಬಾಳೆಗೊನೆಯದ್ದೇ ವಿಚಾರ. "ಮೇಡಂ, ಗೊನೆ ಕಡಿದು 12 ದಿನ ಆಯ್ತು, ಒಂದು ಕಾಯೂ ಬಣ್ಣ ತಿರುಗ್ಲಿಲ್ಲ. ರೋಗ ಏನಾದ್ರೂ ಇದ್ಯಾ?" ಹೋದ ವರ್ಷ ಹೀಗೆ ಕೇಳಿದ್ದ ಮೂಡಿಗೆರೆ ಕಡೆಯ ಅಮ್ಮ ಒಬ್ಬರ ಮನೆಗೆ ಹೋಗಿದ್ದೆ. ಹೊಸ ತಾರಸಿ ಮನೆ. ಪುಟ್ಟಬಾಳೆಯ ಒಳ್ಳೆಯ ಗೊನೆಯನ್ನು ಹಿಂದಿನ ವರಾಂಡದಲ್ಲಿ ಹಗ್ಗಕ್ಕೆ ನೇತುಹಾಕಿದ್ದರು. ಕಾಯಿ ಹಸಿರು, ಗಟ್ಟಿ, ಮುಟ್ಟಿದರೆ ತಣ್ಣಗೆ. ರೋಗದ ಗುರುತು ಎಲ್ಲೂ ಇರಲಿಲ್ಲ.

"ಹಳೇ ಮನೇಲಿ ಹೇಗೆ ಹಣ್ಣು ಮಾಡ್ತಿದ್ರಿ ಅಮ್ಮಾ?"

"ಮಾಡೋದೇನು ಬಂತು, ಬಚ್ಚಲೊಲೆ ಮೇಲಿನ ಅಟ್ಟಕ್ಕೆ ಹಾಕಿ ಹುಲ್ಲು ಮುಚ್ಚಿದ್ರೆ ತಾನಾಗೇ ಹಣ್ಣಾಗ್ತಿತ್ತು."

ಆ ಅಟ್ಟ ಬರೀ ಬೆಚ್ಚಗಿನ ಜಾಗ ಆಗಿರಲಿಲ್ಲ. ಸೌದೆ ಹೊಗೆಯಲ್ಲಿ ಎಥಿಲೀನ್ ಎಂಬ ಅನಿಲ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಬಲಿತ ಬಾಳೆಕಾಯಿ ಹಣ್ಣಾಗಲು ತಾನೇ ಉತ್ಪತ್ತಿ ಮಾಡಿಕೊಳ್ಳುವುದೂ ಇದೇ ಅನಿಲವನ್ನು. ಹೊರಗಿನಿಂದ ಸ್ವಲ್ಪ ತಾಗಿದರೆ ಸಾಕು, ಕಾಯಿ ತನ್ನದನ್ನು ಬಿಡಲು ಶುರು ಮಾಡುತ್ತದೆ. ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಹರಡುತ್ತದೆ. ಮೇಲೆ ಮುಚ್ಚಿದ ಹುಲ್ಲು ಅದನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತಿತ್ತು. ಕಾಯಿಯಲ್ಲಿ ಶೇಕಡಾ 20ರಷ್ಟಿದ್ದ ಪಿಷ್ಟ ಸಕ್ಕರೆಯಾಗುತ್ತಾ ಹೋಗಿ, ಹಣ್ಣಾಗುವ ಹೊತ್ತಿಗೆ ಶೇಕಡಾ ಒಂದೆರಡಷ್ಟೇ ಉಳಿಯುತ್ತದೆ. ಒಗರು ಹೋಗಿ ಸಿಹಿ ಬರುವುದು ಆಗಲೇ. ಮಳೆಗಾಳಿ ಆಡುವ ವರಾಂಡದಲ್ಲಿ ಬಿಸಿಯೂ ಇಲ್ಲ, ಹೊಗೆಯೂ ಇಲ್ಲ, ಕಾಯಿ ಬಿಟ್ಟ ಅಷ್ಟಿಷ್ಟು ಅನಿಲ ಗಾಳಿಗೆ ಹಾರಿಹೋಗುತ್ತದೆ. ಕಾಯಿ ಸುಮ್ಮನೆ ಕಾಯುತ್ತಾ ಕೂರುತ್ತದೆ.

ಮಲೆನಾಡಿನ ತಂಪೇ ಶತ್ರು ಎಂದುಕೊಳ್ಳಬೇಡಿ. ವ್ಯಾಪಾರಿಗಳು ಹಣ್ಣು ಮಾಡುವ ಕೋಣೆಗಳನ್ನು 16ರಿಂದ 18 ಡಿಗ್ರಿಯಲ್ಲೇ ಇಡುತ್ತಾರೆ. ಒಮ್ಮೆ ಎಥಿಲೀನ್ ತಾಗಿದ ಮೇಲೆ ಈ ತಂಪಿನಲ್ಲಿ ಬಣ್ಣ ಸಮನಾಗಿ ಬರುತ್ತದೆ, ಹಣ್ಣು ಬಾಳಿಕೆಯೂ ಬರುತ್ತದೆ. ಅರಸೀಕೆರೆ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ತೊಂದರೆ ತಿರುಗುಮುರುಗು: ಪಚ್ಚಬಾಳೆ ಒಳಗೆ ಮೆತ್ತಗಾಗಿರುತ್ತದೆ, ಸಿಪ್ಪೆ ಹಸಿರೇ ಇರುತ್ತದೆ. ಹಳದಿಯಾಗಲಿ ಎಂದು ಕಾದವರಿಗೆ ಕೊಳೆತ ಹಣ್ಣು ಸಿಗುತ್ತದೆ. ಇನ್ನು 13 ಡಿಗ್ರಿಗಿಂತ ಕೆಳಗಿನ ಚಳಿ ಮಾತ್ರ ಯಾವ ಬಾಳೆಗೂ ಆಗದು. ಕಾಯಿಯನ್ನು ಫ್ರಿಜ್ಜಿಗೆ ಇಟ್ಟರೆ ಸಿಪ್ಪೆ ಬೂದಿ ಬಣ್ಣಕ್ಕೆ ತಿರುಗಿ, ಆಮೇಲೆ ಏನು ಮಾಡಿದರೂ ನೆಟ್ಟಗೆ ಹಣ್ಣಾಗುವುದಿಲ್ಲ.

ಆ ದಿನ ನಾವು ಮಾಡಿದ್ದು ಇಷ್ಟು. ಗೊನೆಯಿಂದ ಚಿಪ್ಪುಗಳನ್ನು ಒಂದೊಂದಾಗಿ ಬಿಡಿಸಿ, ಕೊಯ್ದ ಭಾಗ ಕೆಳಗೆ ಮಾಡಿ ಬಾಳೆಲೆಯ ಮೇಲೆ ಇಟ್ಟೆವು. ಸೊನೆ ಹನಿಹನಿಯಾಗಿ ಇಳಿದು ಎಲೆ ಮೇಲೆ ಕಪ್ಪುಗಟ್ಟಿತು. ಸೊನೆ ನಿಂತ ಮೇಲೆ ತೊಳೆದು, ಬಟ್ಟೆಯಲ್ಲಿ ಒರೆಸಿ, ರಟ್ಟಿನ ಪೆಟ್ಟಿಗೆಗೆ ಒಣಹುಲ್ಲು ಹಾಸಿ ಜೋಡಿಸಿದೆವು. ನಡುವೆ ಪೇಟೆಯಿಂದ ತಂದ ನಾಲ್ಕು ಚೆನ್ನಾಗಿ ಕಳಿತ ಬಾಳೆಹಣ್ಣು. ಮೇಲೆ ಗೋಣಿಚೀಲ ಹೊದಿಸಿ, ಅಡುಗೆಮನೆಯಲ್ಲಿ ಫ್ರಿಜ್ಜಿನ ಹಿಂಬದಿಯ ಬೆಚ್ಚಗಿನ ಮೂಲೆಗೆ ಸರಿಸಿದೆವು. ಒಂದೂವರೆ ದಿನ ಬಿಟ್ಟು ಒಮ್ಮೆ ತೆಗೆದು ಗಾಳಿಯಾಡಿಸಲು ಹೇಳಿದೆ. ಇದನ್ನು ಬಹಳ ಜನ ಮರೆಯುತ್ತಾರೆ. ಕಾಯಿಯೂ ಉಸಿರಾಡುತ್ತದೆ, ಮುಚ್ಚಿಯೇ ಇಟ್ಟರೆ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಹಣ್ಣಾಗುವುದು ನಿಧಾನವಾಗುತ್ತದೆ, ನೀರಾಡಿ ತೊಟ್ಟಿಗೆ ಬೂಸ್ಟು ಬರುತ್ತದೆ. ತೊಟ್ಟಿನ ಹತ್ತಿರ ದೋರೆಬಣ್ಣ ಕಂಡ ಕೂಡಲೇ ಹೊರಗೆ ಹರಡಬೇಕು. ಎಲ್ಲ ಚಿಪ್ಪನ್ನೂ ಒಟ್ಟಿಗೆ ಪೆಟ್ಟಿಗೆಗೆ ಹಾಕಬೇಕಾಗಿಯೂ ಇಲ್ಲ. ಎರಡು ಚಿಪ್ಪು ಇಂದು, ಎರಡು ಮೂರು ದಿನ ಬಿಟ್ಟು ಇನ್ನೆರಡು ಹಾಕಿದರೆ ಮನೆಯವರು ತಿಂದು ಮುಗಿಸುವಷ್ಟೇ ಹಣ್ಣಾಗುತ್ತದೆ.

ಇಷ್ಟೆಲ್ಲ ಫಲಿಸುವುದು ಕಾಯಿ ಬಲಿತಿದ್ದರೆ ಮಾತ್ರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಮನೆಯ ಗೌರಿಹಬ್ಬಕ್ಕೆಂದು ನಾನೇ ಆತುರಪಟ್ಟು ಎಳಸು ಗೊನೆ ಕಡಿಸಿದ್ದೆ. ಸಿಪ್ಪೆ ಸುಕ್ಕುಗಟ್ಟಿತು, ಹಳದಿಯೂ ಆಯಿತು, ರುಚಿ ಮಾತ್ರ ಹಿಟ್ಟು ತಿಂದ ಹಾಗೆ. ಅಮ್ಮ ಅದನ್ನು ನೈವೇದ್ಯಕ್ಕೆ ಇಡಲಿಲ್ಲ. ಅಂದಿನಿಂದ ಕಾಯಿಯ ಏಣು, ಅಂದರೆ ಉದ್ದಕ್ಕೂ ಎದ್ದ ಅಂಚು, ನೋಡದೆ ಕತ್ತಿ ಎತ್ತಿದ್ದಿಲ್ಲ. ಎಳೆಗಾಯಿಯ ಏಣುಗಳು ಎದ್ದು ಕಾಣುತ್ತವೆ, ಬಲಿತಂತೆ ಕಾಯಿ ಗುಂಡಗಾಗಿ ಏಣು ಮಾಸುತ್ತದೆ. ತುದಿಯ ಒಣಗಿದ ಹೂ ಮುಟ್ಟಿದರೆ ಉದುರುತ್ತದೆ. ಕುಂಡಿಗೆ, ಅಂದರೆ ಬಾಳೆಹೂವಿನ ಮೊಗ್ಗು, ಹೊರಬಿದ್ದ ಮೇಲೆ ಬಯಲುಸೀಮೆಯಲ್ಲಿ ಮೂರು ತಿಂಗಳಿಗೆ ಬಲಿಯುವ ಗೊನೆ ನಮ್ಮ ಗುಡ್ಡದ ತಂಪಿನಲ್ಲಿ ನಾಲ್ಕು ತಿಂಗಳು ದಾಟುತ್ತದೆ. ಹಾಗೆಂದು ಗಿಡದಲ್ಲೇ ಹಣ್ಣಾಗಲು ಬಿಟ್ಟರೆ ಸಿಪ್ಪೆ ಸೀಳುತ್ತದೆ, ಉಳಿದದ್ದು ಬಾವಲಿಗೂ ಮಂಗಕ್ಕೂ.

ಗೊನೆ ತುಂಬದಿರುವುದಕ್ಕೆ ನಮ್ಮ ಹಿತ್ತಲುಗಳಲ್ಲಿ ನಾನು ಹೆಚ್ಚಾಗಿ ಕಾಣುವ ಕಾರಣ ಊಟದ ಎಲೆ. ಕುಂಡಿಗೆ ಬಂದ ಮೇಲೆ ಬಾಳೆ ಹೊಸ ಎಲೆ ಬಿಡುವುದಿಲ್ಲ. ಆಗ ಗಿಡದ ಮೇಲಿರುವ ಎಂಟು ಹತ್ತು ಎಲೆಗಳೇ ಕೊನೆಯತನಕ ಗೊನೆಗೆ ಊಟ ಹಾಕಬೇಕು. ಹಬ್ಬಕ್ಕೆಂದು ಅದರಲ್ಲಿ ನಾಲ್ಕು ಕೊಯ್ದರೆ ಆ ನಷ್ಟ ತುಂಬುವ ಗೊಬ್ಬರ ಯಾವುದೂ ಇಲ್ಲ. ಎಲೆಗೆಂದೇ ಒಂದೆರಡು ಬುಡ ಬೇರೆ ಇಡಿ. ಬುಡದಲ್ಲಿ ಏಳುವ ಮರಿಗಿಡ, ಅಂದರೆ ಕಂದುಗಳನ್ನೂ ಗುಂಪಾಗಿ ಬೆಳೆಯಲು ಬಿಡಬೇಡಿ. ತಾಯಿಗಿಡ ಹೂ ಬಿಡುವತನಕ ಕಡಿಯುತ್ತಾ ಬಂದು, ಆಮೇಲೆ ಕತ್ತಿಯಂತೆ ಸಪೂರ ಎಲೆಯ ಒಂದೇ ಕಂದನ್ನು ಉಳಿಸಿಕೊಳ್ಳಿ. ನೆಡಲು ಕಂದು ತರುವಾಗ ಆ ತೋಟದಲ್ಲಿ ಎಲೆ ಹಳದಿಯಾಗಿ ಜೋತುಬಿದ್ದ, ದಿಂಡು ಸೀಳಿದ ಗಿಡ ಒಂದಿದ್ದರೂ ತರಬೇಡಿ. ಪನಾಮ ಸೊರಗು ರೋಗದ ಶಿಲೀಂಧ್ರ ಮಣ್ಣಿಗೆ ಸೇರಿದರೆ ದಶಕಗಟ್ಟಲೆ ಹೋಗುವುದಿಲ್ಲ, ಪುಟ್ಟಬಾಳೆ ಅದಕ್ಕೆ ಬೇಗ ತುತ್ತಾಗುತ್ತದೆ.

ಅವಸರಕ್ಕೆ ಕಾರ್ಬೈಡ್ ಹಾಕಬಹುದೇ ಎಂದು ಆ ಮನೆಯ ಮಗ ಕೇಳಿದ್ದರು. ಬೇಡವೇ ಬೇಡ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಬೆರೆತಿರುತ್ತದೆ. 2011ರ ಆಹಾರ ಸುರಕ್ಷತಾ ನಿಯಮಗಳಲ್ಲೇ ಅದರಿಂದ ಹಣ್ಣು ಮಾಡುವುದಕ್ಕೆ ನಿಷೇಧವಿದೆ. ಎಥಿಲೀನ್ ಬಿಡುವ ಎಥ್ರೆಲ್ ಎಂಬ ರಾಸಾಯನಿಕ ಬೆರೆಸಿದ ನೀರಿಗೆ ಚಿಪ್ಪು ಅದ್ದುವುದೂ ಸಲ್ಲದು. ಮಕ್ಕಳು ತಿನ್ನುವ ಹಿತ್ತಲ ಹಣ್ಣಿಗೆ ನಾಲ್ಕು ದಿನ ಕಾಯಲಾಗದಷ್ಟು ಅವಸರ ಯಾರಿಗಿದೆ?

ಐದನೇ ದಿನ ಅಮ್ಮ ಫೋನ್ ಮಾಡಿದರು. ಮೊದಲ ಚಿಪ್ಪು ಹಳದಿ ತಿರುಗಿತ್ತು. ಗೊನೆ ಕಡಿದ ಬಾಳೆಯನ್ನು ಬುಡಸಮೇತ ಕಡಿದು ಹಸುವಿಗೆ ಹಾಕಿಬಿಡಲೇ ಎಂದು ಕೇಳಿದರು. ಸೊಂಟದೆತ್ತರ ಬಿಟ್ಟು ಮೇಲಿನದನ್ನು ಹಾಕಿ ಎಂದೆ. ನಿಂತ ದಿಂಡಿನಲ್ಲಿರುವ ನೀರು, ಸಾರ ತಿಂಗಳೊಪ್ಪತ್ತು ಪಕ್ಕದ ಕಂದಿಗೆ ಇಳಿಯುತ್ತಿರುತ್ತದೆ.