ಉಮ್ಮತ್ತಿ ತಿಂದವನಿಗೆ ಲಿಂಬೆಹಣ್ಣು ಇಳಿಸಬೇಡಿ

ಮೈ ಸುಡುತ್ತಿದೆ, ಬೆವರಿಲ್ಲ. ಮುಖ ಕೆಂಪು, ಬಾಯಿ ಒಣ, ಕಣ್ಣಿನ ಪಾಪೆ ಅಗಲ. ಇಲ್ಲದ ದಾರ ಎಳೆಯುತ್ತಾನೆ, ಗೋಡೆಯೊಡನೆ ಮಾತಾಡುತ್ತಾನೆ. ಗದಗ, ಹಾವೇರಿ ಕಡೆ ಇಂಥವನಿಗೆ ಗಾಳಿ ಸೋಕಿದೆಯೆಂದು ಲಿಂಬೆಹಣ್ಣು ಇಳಿಸಿ, ಮೆಣಸಿನಕಾಯಿ ಹೊಗೆ ಹಾಕುವವರು ಇನ್ನೂ ಇದ್ದಾರೆ. ಪಾಪೆ ಅಗಲವಾದದ್ದು ಗಾಳಿಯಿಂದಲ್ಲ, ತಿಪ್ಪೆಯ ಪಕ್ಕದ ಉಮ್ಮತ್ತಿ ಕಾಯಿಯಿಂದ.

ಆ ಬೀಜದಲ್ಲಿ ಅಟ್ರೋಪಿನ್, ಸ್ಕೊಪೊಲಮಿನ್ ಇವೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ, ಅಸಿಟೈಲ್‌ಕೋಲಿನ್ ಎಂಬ ನರಸಂದೇಶಕ ಕೂರಬೇಕಾದ ಜಾಗವನ್ನು ಇವು ಹಿಡಿದಿಡುತ್ತವೆ. ತಾವು ಕೆಲಸ ಮಾಡವು, ಮಾಡುವವನನ್ನೂ ಕೂರಗೊಡವು. ಬೆವರು, ಜೊಲ್ಲು ನಿಲ್ಲುತ್ತವೆ, ಮೂತ್ರ ಕಟ್ಟುತ್ತದೆ, ಬುದ್ಧಿ ಕದಡುತ್ತದೆ. ಭ್ರಮೆ ಹುಟ್ಟಿಸುವ ಇನ್ನೊಂದು ಮದ್ದು ಎಲ್‌ಎಸ್‌ಡಿ, ಸೆರೊಟೋನಿನ್ ಎಂಬ ಬೇರೆ ನರಸಂದೇಶಕದ ಜಾಗದಲ್ಲಿ ಆಡುತ್ತದೆ. ಅಲ್ಲಿ ಇದು ಮದ್ದಿನ ಆಟ ಎಂಬ ಅರಿವು ಸಾಮಾನ್ಯವಾಗಿ ಉಳಿದಿರುತ್ತದೆ. ಇಲ್ಲಿ ಅದೂ ಇಲ್ಲ. 1676ರಲ್ಲಿ ಅಮೆರಿಕದ ಜೇಮ್ಸ್‌ಟೌನ್‌ನಲ್ಲಿ ಇದರ ಸೊಪ್ಪು ಬೇಯಿಸಿ ತಿಂದ ಸೈನಿಕರು 11 ದಿನ ಹುಚ್ಚಾಟ ಆಡಿದರಂತೆ, ಎಚ್ಚರವಾದಾಗ ಏನೂ ನೆನಪಿರಲಿಲ್ಲವಂತೆ.

ನಿಜವಾದ ಸೊಗಸು ಮುಂದಿದೆ. ಹತ್ತಿ ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಎಣ್ಣಿ (ಕೀಟನಾಶಕ) ಇದರ ತದ್ವಿರುದ್ಧ. ಅದು ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಸಿಟೈಲ್‌ಕೋಲಿನ್ ಒಡೆಯದೆ ತುಂಬಿಕೊಂಡು, ಜೊಲ್ಲು ಸುರಿದು, ಪಾಪೆ ಕುಗ್ಗುತ್ತದೆ. ಅದಕ್ಕೆ ಮದ್ದು ಇದೇ ಅಟ್ರೋಪಿನ್, 0.6 ಮಿಲಿಗ್ರಾಂ ಆಂಪೂಲುಗಳಲ್ಲಿ. ಉಮ್ಮತ್ತಿಗೆ ಪ್ರತಿವಿಷವಾದ ಫೈಸೊಸ್ಟಿಗ್ಮಿನ್ ಆ ಎಣ್ಣಿಯ ಕೆಲಸವನ್ನೇ ಸ್ವಲ್ಪ ಹೊತ್ತು ಮಾಡುತ್ತದೆ. ಅದು ಬಂದದ್ದು ಪಶ್ಚಿಮ ಆಫ್ರಿಕದ ಕಲಬಾರ್ ಬೀಜದಿಂದ. ಮಾಟಗಾತಿಯೆಂಬ ಆರೋಪ ಹೊತ್ತವರಿಗೆ ಅದನ್ನೇ ತಿನ್ನಿಸಿ ಸತ್ಯಪರೀಕ್ಷೆ ಮಾಡುತ್ತಿದ್ದರು! 1864ರಲ್ಲಿ ಪ್ರಾಗ್‌ನಲ್ಲಿ ಅಟ್ರೋಪಿನ್ ವಿಷವೇರಿದ ಕೈದಿಗಳಿಗೆ ಅದರ ಸಾರ ಕೊಟ್ಟರು. ಹಾಗೆಂದು ಮನೆಯಲ್ಲಿ ಒಂದರ ವಿಷಕ್ಕೆ ಇನ್ನೊಂದನ್ನು ಕುಡಿಸಿದರೆ ಹೆಣ ಬೀಳುತ್ತದೆ.

ಆಸ್ಪತ್ರೆಯಲ್ಲಿ ಮೊದಲು ಉಸಿರು, ಇಸಿಜಿ. ಎಚ್ಚರವಿದ್ದು ನುಂಗಬಲ್ಲವನಿಗೆ ತೂಕದ ಕೆಜಿಗೆ 1 ಗ್ರಾಂ ಆಕ್ಟಿವೇಟೆಡ್ ಚಾರ್ಕೋಲ್, ಅಂದರೆ ವಿಷ ಹೀರುವ ಇದ್ದಿಲ ಪುಡಿ. ಕರುಳು ನಿಧಾನವಾಗಿರುವುದರಿಂದ ತಡವಾಗಿ ಬಂದವನಿಗೂ ಇದು ಉಪಯೋಗ. ಒದ್ದಾಟಕ್ಕೆ ಲೊರಾಜೆಪಾಮ್ ಅಥವಾ ಡಯಾಜೆಪಾಮ್. ನಿದ್ದೆ ಬರಲೆಂದು ಅವಿಲ್, ಫೆನರ್ಗನ್ ಎಂಬ ಅಲರ್ಜಿ ಮದ್ದು ಚುಚ್ಚುವುದು ತಪ್ಪು, ಅವೂ ಅದೇ ಸೀಟನ್ನೇ ಹಿಡಿಯುತ್ತವೆ. ಬೆವರಿಲ್ಲದ ಕಾವಿಗೆ ಪ್ಯಾರಸಿಟಮಾಲ್ ಸಾಲದು, ಒದ್ದೆ ಬಟ್ಟೆ, ಫ್ಯಾನ್ ಬೇಕು. ಮೂತ್ರಕ್ಕೆ ಕ್ಯಾಥೆಟರ್. ಫೈಸೊಸ್ಟಿಗ್ಮಿನ್ ಎಲ್ಲೆಡೆ ಸಿಗದು. ಸಿಕ್ಕರೆ ದೊಡ್ಡವರಿಗೆ 1–2 ಮಿಲಿಗ್ರಾಂ, 5 ನಿಮಿಷ ಹಿಡಿದು, ಇಸಿಜಿ ನೋಡುತ್ತ. ಅವಸರಿಸಿದರೆ ಫಿಟ್ಸ್ ಬರಬಹುದು, ನಾಡಿ ಇಳಿಯಬಹುದು.

ಮನೆಯವರು ಮಾಡಬೇಕಾದದ್ದು ಇಷ್ಟೆ: ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, 108ಕ್ಕೆ ಫೋನ್ ಮಾಡಿ, ತಿಂದು ಉಳಿದ ಕಾಯಿಯನ್ನು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ.