ಓದುಗರ ಪ್ರಶ್ನೆ: ಸೈರನ್‌ಗಳು ಅಂದ್ರೆ ಮತ್ಸ್ಯಕನ್ಯೆಯರೇ ಅಲ್ವಾ?

ಪ್ರಶ್ನೆ: ಹೋಮರ್‌ನ ಗ್ರೀಕ್ ಮಹಾಕಾವ್ಯ ಒಡಿಸ್ಸಿಯಲ್ಲಿ ಬರೋ, ಹಾಡಿ ನಾವಿಕರನ್ನ ಸೆಳೆಯೋ ಸೈರನ್‌ಗಳು ಮತ್ಸ್ಯಕನ್ಯೆಯರು ತಾನೇ? ನಾವಿಕರನ್ನ ನೀರಿಗೆ ಎಳ್ಕೊಂಡು ಹೋಗಿ ಸಾಯಿಸ್ತಿದ್ರಾ?

ಎರಡೂ ತಪ್ಪು. ಎಷ್ಟು ಸಲ ಹೇಳಿದ್ರೂ ಇದೇ ಪ್ರಶ್ನೆ ತಿರುಗಿ ಬರುತ್ತೆ, ಅದಕ್ಕೆ ಈ ಸಲ ಪೂರ್ತಿ ಬಿಡಿಸಿ ಬರೀತಿದೀನಿ.

ಮೊದಲು ಈ ಮೀನಿನ ಬಾಲದ ವಿಷಯ ಮುಗಿಸೋಣ. ಒಡಿಸ್ಸಿಯ 12ನೇ ಸರ್ಗದಲ್ಲಿ ಸೈರನ್‌ಗಳು ನೋಡೋಕೆ ಹೇಗಿದ್ರು ಅಂತ ಹೋಮರ್ ಒಂದು ಮಾತೂ ಹೇಳಿಲ್ಲ. ಎಷ್ಟು ಜನ ಅನ್ನೋದು ಮಾತ್ರ ಗೊತ್ತಾಗುತ್ತೆ, ಯಾಕಂದ್ರೆ ಹಳೇ ಗ್ರೀಕ್‌ನಲ್ಲೂ ಸಂಸ್ಕೃತದ ಥರಾನೇ ದ್ವಿವಚನ ಇದೆ, ಅಲ್ಲಿ ಅದನ್ನೇ ಬಳಸಿದಾನೆ, ಅಂದ್ರೆ ಇಬ್ಬರು. ರೂಪ ನೋಡ್ಬೇಕು ಅಂದ್ರೆ ಚಿತ್ರಗಳಿಗೆ ಹೋಗ್ಬೇಕು. ಬ್ರಿಟಿಷ್ ಮ್ಯೂಸಿಯಂನಲ್ಲಿ ಇಟಲಿಯ ವುಲ್ಚಿಯಲ್ಲಿ ಸಿಕ್ಕಿದ ಒಂದು ಮಣ್ಣಿನ ಪಾತ್ರೆ ಇದೆ, ಸುಮಾರು ಕ್ರಿ.ಪೂ. 480ರ ಆಸುಪಾಸಿನದು. ಹಾಡು ಕೇಳಿ ಅತ್ತ ಹೋಗಬಾರದು ಅಂತ ಕಾವ್ಯದ ನಾಯಕ ಒಡಿಸ್ಯೂಸ್‌ನನ್ನ ಹಡಗಿನ ಹಾಯಿಪಟದ ಕಂಬಕ್ಕೆ ಕಟ್ಟಿದಾರೆ, ತಲೆ ಹಿಂದಕ್ಕೆ ವಾಲಿದೆ. ಸುತ್ತ ಮೂರು ಹಕ್ಕಿಗಳು, ಮುಖ ಮಾತ್ರ ಹೆಂಗಸಿನದು. ಅದ್ರಲ್ಲಿ ಒಂದು ಕಣ್ಣು ಮುಚ್ಕೊಂಡು ತಲೆಕೆಳಗಾಗಿ ಬೀಳ್ತಾ ಇದೆ. ರೆಕ್ಕೆ ಇದೆ, ಬಾಲ ಇದ್ರೂ ಹಕ್ಕಿ ಬಾಲ! ಅರ್ಗೊನಾಟಿಕಾ ಅನ್ನೋ ಇನ್ನೊಂದು ಗ್ರೀಕ್ ಕಾವ್ಯ ಬರೆದ ಅಪೊಲೋನಿಯಸ್ ಕೂಡ ಅರ್ಧ ಹಕ್ಕಿ ಅರ್ಧ ಹುಡುಗಿ ಅಂತಾನೇ ಹೇಳ್ತಾನೆ. ಮೀನಿನ ಬಾಲ ಸ್ಪಷ್ಟವಾಗಿ ಕಾಣೋದು ಲೀಬರ್ ಮಾನ್‌ಸ್ಟ್ರೋರಮ್ ಅನ್ನೋ ಲ್ಯಾಟಿನ್ ಪುಸ್ತಕದಲ್ಲಿ, ಅದು ಸುಮಾರು ಕ್ರಿ.ಶ. 7-8ನೇ ಶತಮಾನದ್ದು. ಹೋಮರ್ ಆಗಿ ಸಾವಿರ ವರ್ಷಕ್ಕೂ ಮೇಲೆ! ದಯವಿಟ್ಟು ಆ ಬಾಲಾನ ಹೋಮರ್‌ಗೆ ಅಂಟಿಸಬೇಡಿ.

ಇನ್ನು ಸಾವು. ಸೈರನ್‌ಗಳು ಕೂತಿರೋದು ನೀರಲ್ಲಲ್ಲ, ಹುಲ್ಲುಗಾವಲಲ್ಲಿ. ಸುತ್ತ ಕೊಳೀತಿರೋ ಗಂಡಸರ ಮೂಳೆ ರಾಶಿ, ಚರ್ಮ ಸುಕ್ಕುಗಟ್ತಾ ಇದೆ. ಯಾರನ್ನೂ ಮುಳುಗಿಸಿದ ಮಾತೇ ಅಲ್ಲಿಲ್ಲ. ಹಾಡು ಕೇಳಿದವನು ಮತ್ತೆ ಮನೆ ಸೇರಲ್ಲ, ಹೆಂಡತಿ ಮಕ್ಕಳು ಅವನ ಸುತ್ತ ನಿಂತು ಖುಷಿಪಡೋದು ಇನ್ನಿಲ್ಲ ಅಂತ ಮಾಟಗಾತಿ ದೇವತೆ ಕಿರ್ಕಿ ಒಡಿಸ್ಯೂಸ್‌ಗೆ ಮೊದಲೇ ಎಚ್ಚರಿಸ್ತಾಳೆ. ಆ ಹಾಡಲ್ಲಿ ಇರೋದಾದ್ರೂ ಏನು? ಟ್ರಾಯ್ ಯುದ್ಧದಲ್ಲಿ ನೀವೆಲ್ಲ ಪಟ್ಟ ಕಷ್ಟ ನಮಗೆ ಗೊತ್ತು, ಭೂಮಿ ಮೇಲೆ ಆಗೋದೆಲ್ಲಾ ಗೊತ್ತು, ಬಾ, ತಿಳ್ಕೊಂಡು ಹೋಗು ಅಂತ. ರೂಪ ತೋರಿಸಿ ಕರೆಯೋದಲ್ಲ, ಅವನದೇ ಯುದ್ಧದ ಕಥೆ ಹೇಳ್ತೀವಿ ಅಂತ ಕರೆಯೋದು. ಹತ್ತು ವರ್ಷ ಕಾದಾಡಿ ಬಂದವನಿಗೆ ಅದಕ್ಕಿಂತ ದೊಡ್ಡ ಆಸೆ ಇನ್ನೇನಿರುತ್ತೆ ಹೇಳಿ, ನಂಗಂತೂ ಇಡೀ ಕಾವ್ಯದಲ್ಲಿ ತುಂಬಾ ಹಿಡಿಸೋ ಜಾಗ ಇದು.

ಇಲ್ಲಿ ಯಾರೂ ಕೇಳದ ಒಂದು ವಿಷಯ ಹೇಳ್ಬೇಕು. ಇಷ್ಟು ಭಯಂಕರವಾದ ಸೈರನ್‌ಗಳನ್ನ ಅಥೆನ್ಸಿನವರು ಕ್ರಿ.ಪೂ. 4ನೇ ಶತಮಾನದಲ್ಲಿ ಸಮಾಧಿಗಳ ಮೇಲೆ ನಿಲ್ಲಿಸ್ತಿದ್ರು! ಯಾಕಂದ್ರೆ ಅವು ಸತ್ತವರಿಗಾಗಿ ಅಳೋ ಗಾಯಕಿಯರೂ ಹೌದು. ಗ್ರೀಕ್ ನಾಟಕಕಾರ ಯುರಿಪಿಡಿಸ್‌ನ ಕ್ರಿ.ಪೂ. 412ರ ನಾಟಕದಲ್ಲಿ, ಟ್ರಾಯ್ ಯುದ್ಧಕ್ಕೆ ಕಾರಣಳಾದ ಹೆಲೆನ್ ತನ್ನ ದುಃಖಕ್ಕೆ ದನಿಗೂಡಿಸೋಕೆ ಕರೆಯೋದು ಈ ರೆಕ್ಕೆಯ ಕನ್ಯೆಯರನ್ನೇ. ಅಥೆನ್ಸಿನ ನ್ಯಾಷನಲ್ ಆರ್ಕಿಯಾಲಜಿಕಲ್ ಮ್ಯೂಸಿಯಂನಲ್ಲಿ ಕೆರಮೈಕೋಸ್ ಸ್ಮಶಾನದಿಂದ ತಂದ ಒಂದು ಸೈರನ್ ಇದೆ, ಹಕ್ಕಿ ಕಾಲ ಮೇಲೆ ನಿಂತು, ಆಮೆ ಚಿಪ್ಪಿನ ಲೈರ್ ಅನ್ನೋ ತಂತಿವಾದ್ಯ ಹಿಡ್ಕೊಂಡಿದೆ.